ಬಿಲ್ಲು ಕಲಿಸುವ ಮುದುಕನ ಫೀಸು

ನನ್ನ ಹೆಂಡತಿ ಒಬ್ಬ ಮುದುಕನಿಗೆ ದುಡ್ಡು ಕೊಟ್ಟು ಬಾಣ ಹೊಡೆಯುವುದನ್ನು ಕಲಿಯುತ್ತಿದ್ದಳು. ಮುದುಕ ಇದ್ದದ್ದು ನಮ್ಮ ಕಂಪ್ಯೂಟರಿನೊಳಗೆ, ಒಂದು ಗೇಮಿನಲ್ಲಿ. ಅವನಿಗೆ ಮೈಯಿಲ್ಲ, ಮನೆಯಿಲ್ಲ, ರೇಷನ್ ಕಾರ್ಡಿಲ್ಲ. ಆದರೂ ಅವನ ಮೇಲೆ ನಾನು ಉರಿದುಕೊಂಡಷ್ಟು ಬದುಕಿರುವ ಯಾವ ಗಂಡಸಿನ ಮೇಲೂ ಉರಿದುಕೊಂಡಿಲ್ಲ.

ಆ ಕಂಪ್ಯೂಟರ್ ನನ್ನದು. ಮದುವೆಗೆ ಎಷ್ಟೋ ಮೊದಲು, ಬೀದರಿನ ಹೊರವಲಯದ ಕೊಳಾರದ ಗೋದಾಮಿನಲ್ಲಿ ಮಾಲು ಎಣಿಸುವ ಕೆಲಸ ಸಿಕ್ಕಾಗ, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಭಾಲ್ಕಿಯ ನಮ್ಮ ಮನೆಯಿಂದ ಬೀದರಿಗೆ ಬಂದು, ಹಳೇ ಊರಿನ ಓಣಿಯೊಂದರಲ್ಲಿ ಮಾಳಿಗೆಯ ಎರಡು ಕೋಣೆ ಹಿಡಿದಾಗ ನನ್ನ ಸಂಸಾರವೆಂದರೆ ಅದು, ಒಂದು ಸ್ಟೋವು, ಒಂದು ಹಾಸಿಗೆ. ಗೇಮೂ ಒಂದೇ. ಕೋಟೆ, ಕಾಡು, ಬೆಂಕಿ ಉಗುಳುವ ಹಕ್ಕಿ, ಹಿಮದ ಗುಡ್ಡ. ಅದರಲ್ಲಿ ನೀವು ಒಬ್ಬ ಮನುಷ್ಯನನ್ನು ಮಾಡಿಕೊಂಡು ಊರೂರು ತಿರುಗಬೇಕು. ಅವನಿಗೆ ಏನೇನು ಬರುತ್ತದೆ ಎಂಬುದಕ್ಕೆಲ್ಲ ಅಂಕಿ ಇರುತ್ತದೆ: ಕತ್ತಿ ಇಷ್ಟು, ಬಿಲ್ಲು ಇಷ್ಟು, ಸದ್ದಿಲ್ಲದೆ ನಡೆಯುವುದು ಇಷ್ಟು, ಜೇಬು ಕತ್ತರಿಸುವುದು ಇಷ್ಟು. ಅಂಕಿ ಏರಲು ಎರಡು ದಾರಿ. ಆ ಕೆಲಸವನ್ನೇ ಮಾಡಿ ಮಾಡಿ ಏರಿಸಿಕೊಳ್ಳಬಹುದು. ಇಲ್ಲವೆ, ಅಲ್ಲಲ್ಲಿ ಕಲಿಸುವವರು ಇರುತ್ತಾರೆ. ಅವರ ಕೈಗೆ ಬಂಗಾರದ ನಾಣ್ಯ ಹಾಕಿದರೆ ಅಲ್ಲೇ ನಿಂತಲ್ಲೇ ಒಂದು ಅಂಕಿ ಏರುತ್ತದೆ.

ನಾನು ಎರಡನೆಯ ದಾರಿ ತುಳಿದವನಲ್ಲ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಕೂರಿಸಿಕೊಂಡು ಏನೂ ಕಲಿಸಿದವರಲ್ಲ. ಅಪ್ಪನ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುವುದನ್ನು ನಾನು ನೋಡಿಯೇ ಕಲಿತೆ. ತಪ್ಪಿದರೆ ಅಂಗಡಿಯಲ್ಲಿದ್ದ ಗಿರಾಕಿಗಳ ಸಮೇತ ಎಲ್ಲರೂ ನಗುತ್ತಿದ್ದರು. ನಗೆಗೀಡಾಗಿ ಕಲಿತದ್ದೇ ಗಟ್ಟಿ ಎಂದು ನಾನು ಬಹಳ ವರ್ಷ ನಂಬಿದ್ದೆ. ದುಡ್ಡು ಕೊಟ್ಟು ಕಲಿಯುವವರು ನನ್ನ ಲೆಕ್ಕದಲ್ಲಿ ಕೈಲಾಗದವರು.

ಮದುವೆಗೆ ಮೊದಲು ನಾನು ಹೇಗೆ ಕಲಿತೆ ಎಂಬುದನ್ನೂ ಹೇಳಿಬಿಡುತ್ತೇನೆ. ಸದ್ದಿಲ್ಲದೆ ನಡೆಯುವ ಅಂಕಿ ಏರಬೇಕಾದರೆ ಯಾರಾದರೂ ಮಲಗಿದ್ದಾಗ ಅವರ ಬೆನ್ನ ಹಿಂದೆ ಬಗ್ಗಿ ನಡೆಯುತ್ತಿರಬೇಕು. ನಾನು ನನ್ನ ಮನುಷ್ಯನನ್ನು ಯಾರೋ ಮಲಗಿರುವ ಕೋಣೆಯಲ್ಲಿ ಬಗ್ಗಿಸಿ, ಒಂದು ಗೋಡೆಗೆ ಮುಖಮಾಡಿ ನಿಲ್ಲಿಸಿ, ಮುಂದೆ ನಡೆಯುವ ಗುಂಡಿಯ ಮೇಲೆ ಅಪ್ಪನ ಅಂಗಡಿಯಿಂದ ತಂದ ಇನ್ನೂರು ಗ್ರಾಮಿನ ಕಬ್ಬಿಣದ ತೂಕದ ಕಲ್ಲನ್ನಿಟ್ಟು ಡ್ಯೂಟಿಗೆ ಹೋಗುತ್ತಿದ್ದೆ. ನಾನು ಕೊಳಾರದಲ್ಲಿ ಪೆಟ್ಟಿಗೆ ಎಣಿಸುವಾಗ ಅವನು ಇಲ್ಲಿ ಎಂಟು ತಾಸು ಗೋಡೆಗೆ ಹಣೆ ಉಜ್ಜುತ್ತ ನಡೆಯುತ್ತಿದ್ದ. ಸಂಜೆ ಬಂದು ನೋಡಿದರೆ ಅಂಕಿ ಏರಿರುತ್ತಿತ್ತು. ಇದನ್ನು ನಾನು ಸ್ವಂತ ಬೆವರಿನ ಸಂಪಾದನೆ ಎಂದು ಗೋದಾಮಿನಲ್ಲಿ ಹೇಳಿಕೊಂಡು ತಿರುಗಿದ್ದೇನೆ.

ಮದುವೆಯಾಗಿ ಔರಾದಿನಿಂದ ಅವಳು ಬಂದಳು. ಮೊದಲ ವಾರದಲ್ಲೇ ಒಂದು ಸಂಜೆ ಪಕ್ಕದಲ್ಲಿ ಬಂದು ಕೂತು, "ಇದು ಹ್ಯಾಂಗ್ ಆಡ್ತಾರ್ರಿ? ನನಗೂ ಒಂದೀಟ್ ಕಲಸ್ರಿ" ಅಂದಳು. ನಾನು ಮೌಸ್ ಅವಳ ಕೈಗೆ ಕೊಟ್ಟೆ. ಅವಳ ಕೈಯಲ್ಲಿ ನನ್ನ ವೀರ ಆಕಾಶ ನೋಡಿಕೊಂಡು ಹಿಂದೆ ಹಿಂದೆ ನಡೆದು ಹೊಳೆಗೆ ಬಿದ್ದ. ನಾನು ನಕ್ಕೆ. ಸುಮ್ಮನೆ ನಗಲಿಲ್ಲ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಮರುದಿನ ಅವಳ ಅಕ್ಕನ ಗಂಡ ಫೋನ್ ಮಾಡಿದಾಗ ಅವನಿಗೂ ಹೇಳಿ ನಗಿಸಿದೆ. ಹಬ್ಬಕ್ಕೆ ಭಾಲ್ಕಿಗೆ ಹೋದಾಗ ಮುಖ ಮೇಲೆತ್ತಿ ಹಿಂದೆ ಹಿಂದೆ ನಡೆದು ತೋರಿಸಿ ಮನೆಮಂದಿಯನ್ನೆಲ್ಲ ನಗಿಸಿದೆ. ಅವಳೂ ನಕ್ಕಳು. ನಕ್ಕಳು ಎಂದೇ ನಾನು ತಿಳಿದಿದ್ದೆ.

ಆಮೇಲೆ ಅವಳು ನನ್ನನ್ನು ಏನನ್ನೂ ಕಲಿಸು ಎಂದು ಕೇಳಲಿಲ್ಲ. ಬೇರೆಯವರನ್ನೆಲ್ಲ ಕೇಳಿದಳು. ಕೆಳಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡ ವಯಸ್ಸಾದ ಹೆಂಗಸು ಇದ್ದರು. ಓಣಿಗೆಲ್ಲ ಅವರು ಖಾಲಾ, ಚಿಕ್ಕಮ್ಮ. ಇವಳು ಅವರ ಹತ್ತಿರ ಹೊಲಿಗೆಗೆ ಕೂತಳು. "ಬೇಟಿ, ಕಪಡಾ ಎಳಿಬ್ಯಾಡ, ಮಿಷನ್ ತಾನೇ ತಗೋತದ, ಜಲ್ದಿ ನಕ್ಕೋ, ಅವಸರ ಬ್ಯಾಡ" ಎಂಬ ಖಾಲಾನ ಮಾತು ಮಧ್ಯಾಹ್ನವೆಲ್ಲ ಮೆಟ್ಟಿಲು ಹತ್ತಿ ಬರುತ್ತಿತ್ತು. ಮಗಳ ಹಾಗೆ ಬರುತ್ತಿದ್ದಾಳೆ, ದುಡ್ಡು ಬೇಡ ಎಂದು ಖಾಲಾ ಎಷ್ಟು ಹೇಳಿದರೂ ಇವಳು ಬಿಡಲಿಲ್ಲ. ತಿಂಗಳಿಗೊಮ್ಮೆ ಎಲೆ, ಅಡಿಕೆ, ಒಂದು ನೋಟು ಅವರ ಕೈಯಲ್ಲಿಟ್ಟು ಕಾಲು ಮುಟ್ಟಿ ಬರುತ್ತಿದ್ದಳು. ಔರಾದಿನ ಅವಳ ತವರಿನಲ್ಲಿ ಅದೊಂದು ಕಟ್ಟಳೆ. ರೊಟ್ಟಿ ಬಡಿಯುವುದು ಕಲಿಸಿದರೂ ಸರಿ, ಕಲಿಸಿದವರ ಕೈ ಬರಿದಾಗಿ ಇರಬಾರದು.

"ಪುಕಟ ಬಂದ ವಿದ್ಯಾ ಕೈಗಿ ಹತ್ತಂಗಿಲ್ರಿ," ಅನ್ನುತ್ತಿದ್ದಳು. "ಕಲಸೋದೂ ಕಾಯಕಾನೇ. ಕಾಯಕ ಮಾಡಿದವರಿಗಿ ಕೊಡಬೇಕು."

ನನಗೆ ಖಾಲಾನ ಮೇಲೆ ಆಗಲೇ ಸಣ್ಣಗೆ ಹೊಟ್ಟೆಕಿಚ್ಚು ಶುರುವಾಗಿತ್ತು. ಆದರೆ ಹೊಲಿಗೆ ನನಗೆ ಬಾರದ್ದು, ಹಾಗಾಗಿ ತಡೆದುಕೊಂಡೆ.

ತಡೆಯಲಾರದ್ದು ಮುಂದೆ ಬಂತು. ಒಂದು ದಿನ ಶಿಫ್ಟ್ ಬೇಗ ಮುಗಿದು ಮನೆಗೆ ಬಂದರೆ ಇವಳು ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ನನ್ನ ವೀರನನ್ನು ಮುಟ್ಟಿರಲಿಲ್ಲ. ತನ್ನದೇ ಒಬ್ಬಳನ್ನು ಮಾಡಿಕೊಂಡಿದ್ದಳು. ಕೈಯಲ್ಲಿ ಬಿಲ್ಲು. ಅಪ್ಪನ ಹೊಲದಲ್ಲಿ ಜೋಳ ಕಾಯುವಾಗ ಕವಣೆ ಬೀಸಿದ ಕೈ ಅವಳದು. ದೂರದಿಂದ ಹೊಡೆಯುವುದೇ ಒಳ್ಳೆಯದು ಎಂದು ತೀರ್ಮಾನ ಮಾಡಿದ್ದಳಂತೆ. ನಾನು ಡ್ಯೂಟಿಯಲ್ಲಿರುವಾಗ ಎರಡು ತಿಂಗಳಿಂದ ಆಡುತ್ತಿದ್ದಳು. ಪರದೆಯ ಮೇಲೆ ಒಂದು ಗಿರಣಿ, ಅದರ ಮುಂದೆ ಬಿಳಿ ಗಡ್ಡದ ಮುದುಕ. ಅವನ ಮುಂದೆ ತನ್ನವಳನ್ನು ನಿಲ್ಲಿಸಿ ಇವಳು ಗಟ್ಟಿಯಾಗಿ, "ನಮಸ್ಕಾರ್ರಿ ಗುರುಗಳ, ಇವತ್ತ್ ಎರಡ್ ಪಾಠ ಸಾಕ್ರಿ" ಎಂದು ಹೇಳಿ, ದುಡ್ಡು ಕೊಡುವ ಗುಂಡಿ ಒತ್ತಿದಳು. ಅಂಕಿ ಏರಿತು. ಮುದುಕ ತಲೆಯಾಡಿಸಿದ.

ಬಿಲ್ಲಿನ ಅಂಕಿ ನೋಡಿದೆ. ಎಂಬತ್ತೆಂಟು. ನನ್ನದು ಹತ್ತು ವರ್ಷಕ್ಕೆ ಎಪ್ಪತ್ತೊಂದು.

ಚಹಾ ಕೂಡ ಬೇಡವಾಯಿತು. "ಇದು ಕಲಿಯೋದಲ್ಲ, ಕೊಳ್ಳೋದು" ಅಂದೆ. "ನಾ ನೋಡು, ಒಂದ್ ಪೈಸಾ ಯಾರಿಗೂ ಕೊಟ್ಟಿಲ್ಲ. ಎಲ್ಲಾ ಸ್ವಂತ ಕಲತದ್ದು."

ಅವಳು ಕೀಬೋರ್ಡಿನ ಪಕ್ಕದಲ್ಲಿದ್ದ ಇನ್ನೂರು ಗ್ರಾಮಿನ ಕಲ್ಲನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದಳು. "ಕಲತದ್ದು ಇದುರಿ. ನೀವಲ್ಲ."

ಮಾತಿನಲ್ಲಿ ಅವಳನ್ನು ಗೆಲ್ಲುವುದು ಆಗದ ಕೆಲಸ. ಹಾಗಾಗಿ ಗುಟ್ಟು ಹೇಳಿ ಗೆಲ್ಲೋಣ ಅಂದುಕೊಂಡೆ. ಈ ಗೇಮಿನಲ್ಲಿ ಹಳಬರಿಗೆಲ್ಲ ಗೊತ್ತಿರುವ ಒಂದು ಕಳ್ಳದಾರಿ ಇದೆ. ಕಲಿಸುವವರಿಗೆ ಕೊಟ್ಟ ನಾಣ್ಯ ಎಲ್ಲಿಗೂ ಹೋಗುವುದಿಲ್ಲ, ಅವರ ಚೀಲದಲ್ಲೇ ಇರುತ್ತದೆ. ಅವರನ್ನು ಜೊತೆಗಾರರನ್ನಾಗಿ ಮಾಡಿಕೊಂಡರೆ, ನಿಮ್ಮ ಸಾಮಾನು ಹೊರಿಸುವ ನೆಪದಲ್ಲಿ ಅವರ ಚೀಲ ತೆರೆದು, ಕೊಟ್ಟ ಫೀಸನ್ನು ಪೂರ್ತಿ ವಾಪಸ್ಸು ತೆಗೆದುಕೊಳ್ಳಬಹುದು. ಅದೇ ನಾಣ್ಯ ಮತ್ತೆ ಕೊಡಬಹುದು, ಮತ್ತೆ ತೆಗೆಯಬಹುದು. ಜೊತೆಗಾರನಾಗದವನಾದರೆ ಜೇಬಿಗೆ ಕೈ ಹಾಕಬೇಕು, ಸಿಕ್ಕಿಬಿದ್ದರೆ ಅವನು ತಿರುಗಿ ಬೀಳುತ್ತಾನೆ. ಇದನ್ನೆಲ್ಲ ದೊಡ್ಡ ಪಂಡಿತನ ಹಾಗೆ ವಿವರಿಸಿದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಗುರುಗಳ ಬಗಲಾಗ ನನ್ನ ಗಂಟ್ ಹೊರಸ್ಲಿ? ಕೊಟ್ಟ ದಕ್ಷಿಣಿ ಹೊಳ್ಳಿ ತಗೊಳ್ಲಿ? ಎಂಥಾ ಮಂದಿರಿ ನೀವು!"

"ಅಂವ ಖರೇ ಮನುಷ್ಯ ಅಲ್ಲ."

"ನಾನು ಖರೇ ಇದ್ದೀನಲ್ರಿ," ಅಂದಳು.

ಅಂದಿನಿಂದ ಆ ಮುದುಕ ನನ್ನ ಸವತಿಯಾದ. ಗಂಡಸಿಗೆ ಸವತಿ ಇರುವುದಿಲ್ಲ ಎನ್ನುವವರು ನಮ್ಮ ಮಾಳಿಗೆಗೆ ಬಂದು ನೋಡಬೇಕಿತ್ತು. ಊಟಕ್ಕೆ ಕೂತರೆ ಅವಳದು ಮುದುಕನದೇ ಸುದ್ದಿ. ಇವತ್ತು ಮಳೆ ಬರುತ್ತಿತ್ತು, ಗುರುಗಳು ಗಿರಣಿಯ ಕಟ್ಟೆ ಬಿಟ್ಟು ಕದಲಲಿಲ್ಲ. ಇವತ್ತು ಗುರುಗಳು ರೊಟ್ಟಿ ತಿನ್ನುತ್ತಿದ್ದರು, ಹಾಗಾಗಿ ಕಾದು ನಿಂತೆ. ಕಾದು ನಿಂತೆ! ನಾನು ಸ್ನಾನಕ್ಕೆ ಹೋದರೆ ಹತ್ತು ಸಲ ಬಾಗಿಲು ಬಡಿಯುವವಳು. ಅಂಕಿ ಏರಿದಷ್ಟೂ ಪಾಠದ ಬೆಲೆಯೂ ಏರುತ್ತದೆ. ಅವಳು ಕಾಡಿನಲ್ಲಿ ತೋಳ ಹೊಡೆದು, ಚರ್ಮ ಮಾರಿ, ಕಾಸಿಗೆ ಕಾಸು ಕೂಡಿಸಿ ತಂದು ಅವನಿಗೆ ಸುರಿಯುತ್ತಿದ್ದಳು. ನನಗಿಂತ ಮೊದಲು ತೊಂಬತ್ತು ದಾಟುತ್ತಾಳೆ ಎಂಬುದೊಂದು ಸಂಕಟ. ನನಗೆ ಆ ಆಟವೆಲ್ಲ ಗೊತ್ತಿದ್ದೂ, ಗೊತ್ತಿರುವವನು ಕೈಯಳತೆಯಲ್ಲಿ ಹಾಸಿಗೆಯ ಮೇಲೆ ಕೂತಿದ್ದರೂ, ಒಂದು ಸಲವೂ ಇತ್ತ ತಿರುಗಿ "ಏನ್ರೀ, ಇದು ಹ್ಯಾಂಗ?" ಎಂದು ಕೇಳುವುದಿಲ್ಲವಲ್ಲ ಎಂಬುದು ಅದಕ್ಕಿಂತ ದೊಡ್ಡದು. ಒಂದೇ ಒಂದು ಸಲ ಕೇಳಲಿ ಎಂದು ನಾನು ಬೇಕಂತಲೇ ಕೆಮ್ಮುತ್ತಿದ್ದೆ.

ಅವಳಿಗೆ ತಿಳಿಯದ ಒಂದು ಸಂಗತಿ ಇತ್ತು. ಆಟವನ್ನು ಬೇಕಾದಷ್ಟು ಜಾಗದಲ್ಲಿ ಬೇರೆ ಬೇರೆಯಾಗಿ ಸೇವ್ ಮಾಡಿ ಇಡಬಹುದು. ಅವಳು ಒಂದೇ ಗುಂಡಿ ಒತ್ತಿ ಒಂದರ ಮೇಲೆಯೇ ಇನ್ನೊಂದನ್ನು ಸೇವ್ ಮಾಡುತ್ತಿದ್ದಳು. ಏನಾದರೂ ಕೆಟ್ಟರೆ ಹಿಂದಕ್ಕೆ ಹೋಗಲು ದಾರಿಯಿಲ್ಲ. ನಾನು ನೋಡಿದೆ, ಹೇಳಲಿಲ್ಲ. ಕೇಳಿದರೆ ಹೇಳೋಣ ಅಂದುಕೊಂಡೆ.

ಅವಳ ಬಸುರಿ ಅಕ್ಕನ ಕುಬಸದ ಕಾರ್ಯಕ್ಕೆ ಒಂದು ಶನಿವಾರ ಅವಳು ಔರಾದಿಗೆ ಹೋದಳು. ಗೋದಾಮಿನಲ್ಲಿ ಲೋಡು ಬರುವುದಿದ್ದುದರಿಂದ ನಾನು ಉಳಿದೆ. ಬಸ್ ಹತ್ತಿಸುವಾಗ, "ಪಲ್ಲೆ ಮಾಡಿಟ್ಟೇನಿ, ಎರಡ್ ದಿನ ಆಗ್ತದ" ಎಂದು ಹೇಳಿ, ಕಿಟಕಿಯಿಂದ ಮತ್ತೆ, "ತೊಂಬತ್ತಕ್ಕ ಇನ್ನ ಒಂದೇ ಪಾಠ ಉಳದದ ನೋಡ್ರಿ, ಹೊಳ್ಳಿ ಬಂದ ಮ್ಯಾಲ ಮಾಡ್ತೇನಿ" ಅಂದಳು. ಬಸ್ ಹೊರಡುವಾಗಲೂ ಮುದುಕನ ಮಾತೇ.

ಭಾನುವಾರ ಮಧ್ಯಾಹ್ನ ಊಟ ಮಾಡಿ ಕಂಪ್ಯೂಟರ್ ಹಚ್ಚಿದೆ. ನನ್ನ ಆಟ ತೆರೆಯಲಿಲ್ಲ, ಅವಳದನ್ನು ತೆರೆದೆ. ನನಗೆ ನಾನೇ ಹೇಳಿಕೊಂಡ ಕಾರಣ ಚೆನ್ನಾಗಿಯೇ ಇತ್ತು: ಅವಳು ಕೊಟ್ಟ ಫೀಸನ್ನೆಲ್ಲ ಮುದುಕನ ಜೇಬಿನಿಂದ ತೆಗೆದು ಅವಳ ಚೀಲಕ್ಕೆ ಹಾಕಿಟ್ಟರೆ, ಬಂದವಳು ಕಣ್ಣರಳಿಸಿ "ಇದ್ ಹ್ಯಾಂಗ್ ಮಾಡಿದ್ರಿ?" ಎಂದು ಕೇಳುತ್ತಾಳೆ. ಆಗ ನಾನು ಕಾಲಮೇಲೆ ಕಾಲು ಹಾಕಿಕೊಂಡು ಹೇಳುತ್ತೇನೆ. ಒಳಗಿನ ಕಾರಣ ಬೇರೆ. ಆ ಬಿಳಿ ಗಡ್ಡದವನ ಜೇಬು ಬರಿದಾಗುವುದನ್ನು ನನ್ನ ಕಣ್ಣಿಂದ ನೋಡಬೇಕಿತ್ತು.

ಮುದುಕ ಜೊತೆಗಾರನಾಗುವವನಲ್ಲ, ಹಾಗಾಗಿ ಬಗ್ಗಿ ಅವನ ಬೆನ್ನ ಹಿಂದೆ ಹೋದೆ. ನನ್ನ ವೀರನಾಗಿದ್ದರೆ ಅದು ನೀರು ಕುಡಿದಷ್ಟು ಸುಲಭ. ಆದರೆ ಇದು ನನ್ನ ವೀರನಲ್ಲ, ಅವಳ ಹುಡುಗಿ. ಜನ್ಮದಲ್ಲಿ ಒಬ್ಬರ ಜೇಬು ಮುಟ್ಟದವಳು. ಜೇಬು ಕತ್ತರಿಸುವ ಅಂಕಿ ಅವಳಿಗೆ ಹುಟ್ಟುವಾಗ ಎಷ್ಟಿತ್ತೋ ಅಷ್ಟೇ ಇತ್ತು. ನನಗದು ಹೊಳೆಯಲೇ ಇಲ್ಲ. ಕೈ ಹಾಕಿದೆ, ಮುದುಕ ತಿರುಗಿದ, ಕೂಗಿದ, ಕಠಾರಿ ಹಿರಿದ. ನಾನು ಗಾಬರಿಯಾಗಿ ಹಿಂದೆ ಸರಿದು ಬಿಲ್ಲೆಳೆದು ಬಿಟ್ಟೆ. ಹೆದರಿಸಲು ಬಿಟ್ಟದ್ದು. ನಾನು ಎಪ್ಪತ್ತೊಂದರವನು, ನನ್ನ ಒಂದು ಬಾಣಕ್ಕೆ ಯಾರೂ ಸತ್ತದ್ದಿಲ್ಲ. ಅವಳ ಕೈ ಮಾತ್ರ ಅವನೇ ತಿದ್ದಿದ ಕೈ. ಮುದುಕ ಒಂದೇ ಬಾಣಕ್ಕೆ ಗಿರಣಿಯ ಕಟ್ಟೆಯಿಂದ ಕೆಳಗೆ ಬಿದ್ದ.

ಹೋಗಲಿ, ಸೇವ್ ಮಾಡಿದಲ್ಲಿಂದ ಮತ್ತೆ ತೆರೆದರಾಯಿತು ಎಂದು ತಲೆ ಹೇಳುವುದರೊಳಗೆ ನನ್ನ ಬೆರಳು ತನ್ನ ಕೆಲಸ ಮುಗಿಸಿತ್ತು. ಜಗಳ ಮುಗಿದ ಕೂಡಲೇ ಸೇವ್ ಗುಂಡಿ ಒತ್ತುವುದು ನನ್ನ ಹತ್ತು ವರ್ಷದ ರೂಢಿ. ಸ್ವಂತ ಕಲಿತ ವಿದ್ಯೆ. ಅವಳ ಆ ಒಂದೇ ಒಂದು ಸೇವ್‌ನ ಮೇಲೆ ಸತ್ತ ಮುದುಕ ಕೂತುಬಿಟ್ಟ. ಸಂಜೆಯವರೆಗೂ ಅದನ್ನು ಸರಿಪಡಿಸಲು ಏನೇನೋ ಮಾಡಿ ನೋಡಿದೆ. ಸರಿಹೋಗಲಿಲ್ಲ. ಪಲ್ಲೆ ಹಳಸಿತು, ನಾನು ಊಟ ಮಾಡಲಿಲ್ಲ.

ಸೋಮವಾರ ಸಂಜೆ ಅವಳು ಬಂದಳು. ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದಿದ್ದಳು. ಒಂದು ಪಾಲು ಕೆಳಗೆ ಖಾಲಾಗೆ ಕೊಟ್ಟು, ಕೈಕಾಲು ತೊಳೆದು, ಕಂಪ್ಯೂಟರ್ ಹಚ್ಚಿ ಕೂತಳು. ನಾನು ಹಾಸಿಗೆಯ ತುದಿಯಲ್ಲಿ ಹೋಳಿಗೆ ಹಿಡಿದುಕೊಂಡು ಕೂತಿದ್ದೆ, ತಿನ್ನುತ್ತಿರಲಿಲ್ಲ.

"ಗುರುಗಳು ಇಲ್ಲಲ್ರಿ" ಅಂದಳು.

ಗಿರಣಿಯ ಒಳಗೆ ನೋಡಿದಳು. ಮನೆ ಮನೆ ನೋಡಿದಳು. ಊಟಕ್ಕೆ ಹೋಗಿರಬೇಕು ಎಂದು ಆಟದೊಳಗೆ ಒಂದು ಇಡೀ ದಿನ ಕಾದಳು. ಅವಳು ಕಾಯುವುದನ್ನು ನೋಡುತ್ತ ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಕೊನೆಗೆ ಕಟ್ಟೆಯ ಕೆಳಗೆ, ನೀರಿನ ಪಕ್ಕದಲ್ಲಿ ಅವನು ಸಿಕ್ಕ. ಅವಳು ಮೌಸ್ ಬಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅವನ ಚೀಲ ತೆರೆದು ನೋಡಿದಳು.

"ರೊಕ್ಕ ಎಲ್ಲಾ ಹಂಗೇ ಅದ್ರಿ. ನಾ ಕೊಟ್ಟದ್ದು ಒಂದೂ ಹೋಗಿಲ್ಲ. ಕಳ್ಳರು ಹೊಡದಿಲ್ಲ." ಮತ್ತೆ ನೋಡಿದಳು. "ಇದು ನನ್ನ ಬಾಣ. ಇಂಥಾ ಬಾಣ ಈ ಊರಾಗ ನನ್ನ ಹತ್ರ ಅಷ್ಟೇ ಅದ."

ಆಗ ಅವಳು ಕುರ್ಚಿಯನ್ನು ಪೂರ್ತಿ ನನ್ನ ಕಡೆ ತಿರುಗಿಸಿದಳು. ಕಣ್ಣು ತುಂಬಿತ್ತು.

"ನಾ ಹೋಗೂ ಮುಂದ ಏನರೆ ತಪ್ಪ್ ಗುಂಡಿ ಒತ್ತೇನೇನ್ರಿ? ನಿಮಗ ಎಲ್ಲಾ ಗೊತ್ತದ. ನೀವೇ ಹೇಳ್ರಿ, ಹ್ಯಾಂಗಾತು ಇದು?"

ಎಷ್ಟು ದಿನದಿಂದ ಕಾದಿದ್ದ ಮಾತು. ಅವಳು ನನ್ನನ್ನು ಕೇಳಿದ್ದಳು. ನನಗೆ ಉತ್ತರವೂ ಗೊತ್ತಿತ್ತು.

ಸುಳ್ಳು ಹೇಳಬಹುದಿತ್ತು, ಗೇಮಿನಲ್ಲಿ ಹೀಗೆಲ್ಲ ಆಗುತ್ತದೆ ಅಂದಿದ್ದರೆ ನಂಬುತ್ತಿದ್ದಳು. ಆ ತುಂಬಿದ ಕಣ್ಣಿನ ಮುಂದೆ ಅದು ಬರಲಿಲ್ಲ. ಜೇಬಿಗೆ ಕೈ ಹಾಕಿದ್ದು, ಬಾಣ ಬಿಟ್ಟದ್ದು, ಬೆರಳು ಗುಂಡಿ ಒತ್ತಿದ್ದು, ಎಲ್ಲ ಹೇಳಿದೆ. ಬೇರೆ ಬೇರೆಯಾಗಿ ಸೇವ್ ಮಾಡಬಹುದಿತ್ತು, ಗೊತ್ತಿದ್ದೂ ಹೇಳಲಿಲ್ಲ ಎಂಬುದನ್ನೂ ಹೇಳಿದೆ.

"ಯಾಕ್ರಿ?"

"ಹೊಟ್ಟಿಕಿಚ್ಚು."

"ಯಾರ ಮ್ಯಾಲ? ಈ ಮುದುಕನ ಮ್ಯಾಲ?"

"ಹ್ಞೂಂ. ನೀ ಅವನಿಗಿ ಕೇಳ್ತಿದ್ದಿ. ನನಗ ಕೇಳ್ತಿದ್ದಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚೀಲದಲ್ಲಿರುವ ನಾಣ್ಯಗಳನ್ನಾದರೂ ತೆಗೆದುಕೋ, ನಿನ್ನವೇ ಅಲ್ಲವೇ ಅಂದೆ. ಅವಳು ಒಂದನ್ನೂ ಮುಟ್ಟದೆ ಚೀಲ ಮುಚ್ಚಿದಳು. ನನಗೆ ಸುಮ್ಮನಿರಲಾಗಲಿಲ್ಲ. ಕುರ್ಚಿಯ ಹತ್ತಿರ ಸರಿದು, "ಇನ್ಮ್ಯಾಲ ನಾ ಕಲಸ್ತೇನಿ. ಬಿಲ್ಲು, ಕತ್ತಿ, ಎಲ್ಲಾ. ಆ ಮುದುಕಗಿಂತ ಹೆಚ್ಚಿಗಿ ಗೊತ್ತದ ನನಗ" ಅಂದೆ. ನಿಜವಾಗಿ ಹೇಳಿದೆ. ಆ ಕ್ಷಣ ಅವಳು ಹ್ಞೂಂ ಅಂದಿದ್ದರೆ ಬೆಳಗಾಗುವವರೆಗೂ ಕೂತು ಕಲಿಸುತ್ತಿದ್ದೆ.

ಅವಳು ಯೋಚನೆ ಮಾಡಿದಳು. ಗಂಭೀರವಾಗಿಯೇ ಕೇಳಿದಳು, "ಎಷ್ಟ್ ತಗೋತೀರಿ?"

ನಾನು ನಕ್ಕುಬಿಟ್ಟೆ.

ಕ್ಷಮಿಸಿಬಿಟ್ಟಳು, ತಮಾಷೆ ಮಾಡುತ್ತಿದ್ದಾಳೆ ಎಂಬ ಸಮಾಧಾನಕ್ಕೆ ಬಂದ ನಗು ಅದು. ಆದರೆ ನಗು ನಗುವೇ. ಅವಳ ಮುಖ ನೋಡಿ ಅರ್ಧದಲ್ಲೇ ನುಂಗಿಕೊಂಡೆ, ಹೊತ್ತು ಮೀರಿತ್ತು. ಅವಳು ನಿಧಾನಕ್ಕೆ ಕುರ್ಚಿಯನ್ನು ಪರದೆಯ ಕಡೆ ತಿರುಗಿಸಿಕೊಂಡಳು.

"ಹೊಳ್ಯಾಗ ಬಿದ್ದ ದಿನಾನೂ ಹಿಂಗೇ ನಕ್ಕಿದ್ರಿ," ಅಂದಳು, ನನ್ನನ್ನು ನೋಡದೆ. "ಭಾಲ್ಕಿಗಿ ಹೋಗಿ ಮಂದೀನೆಲ್ಲಾ ನಗಿಸಿದ್ರಿ. ಅದಕ್ಕ ರೊಕ್ಕ ಕೊಟ್ಟ್ ಕಲೀತೇನ್ರಿ ನಾ. ರೊಕ್ಕ ತಗೊಂಡವರು ನಗಂಗಿಲ್ಲ."

ಆಮೇಲೆ ಅವಳು ತನ್ನ ಹುಡುಗಿಯನ್ನು ಎಬ್ಬಿಸಿಕೊಂಡು ಹೊರಟಳು. ಉತ್ತರದ ಹಿಮದ ಊರಿನಲ್ಲಿ ಬಿಲ್ಲು ಕಲಿಸುವವನು ಇನ್ನೊಬ್ಬ ಇದ್ದಾನೆ ಎಂದು ಯಾರೋ ದಾರಿಹೋಕರು ಅವಳಿಗೆ ಎಂದೋ ಹೇಳಿದ್ದರಂತೆ. ಅಲ್ಲಿಗೆ ನೇರ ದಾರಿ ನನಗೆ ಗೊತ್ತಿತ್ತು. ಅವಳು ಸುತ್ತು ಹಾಕಿ, ಎರಡು ಕಡೆ ದಾರಿ ತಪ್ಪಿ, ಮತ್ತೆ ತಿರುಗಿ ಬಂದು ಹೋದಳು. ನನ್ನನ್ನು ಕೇಳಲಿಲ್ಲ. ನಾನೂ ಈ ಸಲ ಕೆಮ್ಮಲಿಲ್ಲ, ಹಾಸಿಗೆಯ ತುದಿಯಲ್ಲಿ ಕೂತು ನೋಡಿದೆ.

ಹಿಮದ ಊರಿನ ಮನುಷ್ಯ ನನ್ನ ವಯಸ್ಸಿನವನು. ಬಾಗಿಲ ಬಳಿ ಬೆಂಕಿ ಕಾಯಿಸಿಕೊಳ್ಳುತ್ತ ನಿಂತಿದ್ದ. "ನಮಸ್ಕಾರ್ರಿ ಗುರುಗಳ," ಅಂದಳು ನನ್ನ ಹೆಂಡತಿ, ಅದೇ ದನಿಯಲ್ಲಿ. ಊರಿಗೆ ಹೋಗುವ ಮೊದಲು ಮುದುಕನಿಗೆಂದು ಕೂಡಿಸಿಟ್ಟಿದ್ದ ನಾಣ್ಯವನ್ನೆಲ್ಲ ಅವನ ಕೈಗೆ ಹಾಕಿದಳು. ಅವನು ತೆಗೆದುಕೊಂಡ. ನಾನು ಅವನ ಮುಖವನ್ನು ಹತ್ತಿರದಿಂದ, ಕಣ್ಣು ಮಿಟುಕಿಸದೆ ನೋಡಿದೆ. ಅವನು ನಗಲಿಲ್ಲ.